ಗೋಣಿಚೀಲದ ಮೇಲಿನ ಊರು

ಇಂಗ್ಲಿಷ್ ಅಕ್ಷರಗಳನ್ನು ನಾನು ಶಾಲೆಯ ಕರಿಹಲಗೆಯ ಮೇಲೆ ಕಲಿತದ್ದಕ್ಕಿಂತ ಹೆಚ್ಚಾಗಿ ಗೋಣಿಚೀಲಗಳ ಮೇಲೆ ಕಲಿತೆನೆಂದರೆ ವಾಚಕರು ನಗಬಾರದು. ನನ್ನ ತಾಯಿ ಮಂಗಳೂರಿನ ಹೊರವಲಯದ ಒಂದು ಬೀಜದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಗೇರುಬೀಜ ಒಡೆದವಳು. ಸಂಜೆ ಶಾಲೆ ಬಿಟ್ಟೊಡನೆ ನಾನು ನೇರವಾಗಿ ಅಲ್ಲಿಗೆ ಹೋಗಿ, ಉಗ್ರಾಣದ ಮಾಡಿನ ಕೆಳಗೆ ರಾಶಿ ಹಾಕಿದ್ದ ಚೀಲಗಳಿಗೆ ಒರಗಿಕೊಂಡು ಅವಳ ಕೆಲಸ ಮುಗಿಯುವುದನ್ನು ಕಾಯುತ್ತಿದ್ದೆ. ಚೀಲಗಳ ಮೇಲೆ ಕಪ್ಪು ಶಾಯಿಯಲ್ಲಿ ದೇಶಗಳ ಹೆಸರುಗಳಿರುತ್ತಿದ್ದವು. ಅವುಗಳಲ್ಲೊಂದು ಹೆಸರಿನ ನಡುವೆ ಬರುವ ‘ಸಿ’ ಅಕ್ಷರಕ್ಕೆ ಬುಡದಲ್ಲಿ ಒಂದು ಪುಟ್ಟ ಬಾಲವಿತ್ತು. ಹಾಗೇಕೆಂದು ಮಾಸ್ತರರನ್ನು ಕೇಳಿದೆ. ಶಾಯಿ ಸೋರಿರಬೇಕು ಎಂದರು. ಆದರೆ ಎಲ್ಲ ಚೀಲಗಳಲ್ಲಿಯೂ ಅದೇ ಅಕ್ಷರದಲ್ಲಿಯೇ ಶಾಯಿ ಸೋರುವುದು ಹೇಗೆ? ಅಮ್ಮ ಅಂತಹದೊಂದು ಹರಕು ಚೀಲವನ್ನು ಕೇಳಿ ತಂದು ಬಾಗಿಲಿಗೆ ಕಾಲೊರಸಾಗಿ ಹಾಸಿದ್ದಳು. ಹೀಗಾಗಿ ನಾನು ಪ್ರತಿದಿನವೂ ಮೊಸಾಂಬಿಕ್ ದೇಶವನ್ನು ಮೆಟ್ಟಿಯೇ ಮನೆಯೊಳಗೆ ಹೋಗುತ್ತಿದ್ದೆ.

ಕಳೆದ ವರ್ಷದ ಬೇಸಗೆ ರಜೆಯಲ್ಲಿ ನಾನು ಆ ದೇಶಕ್ಕೆ ಹೋಗುವಂತಾಯಿತು. ಅಲ್ಲಿನ ನಂಪುಲಾ ನಗರದಲ್ಲಿ ನಮ್ಮ ಭಾವನವರಿಗೆ ಉದ್ಯೋಗ. ಅಕ್ಕ ಕರೆದಳು, ಭಾವ ಟಿಕೆಟಿನ ಹಣ ಕೊಟ್ಟರು. ಹಳಗನ್ನಡ ಪಾಠ ಹೇಳುವವನಿಗೆ ಆಫ್ರಿಕದಲ್ಲೇನು ಕೆಲಸವೆಂದು ನನ್ನ ಸಹೋದ್ಯೋಗಿಗಳು ಹಾಸ್ಯ ಮಾಡಿದರು.

ನಂಪುಲಾದಿಂದ ಸಮುದ್ರತೀರಕ್ಕೆ ಸುಮಾರು 180 ಕಿಲೋಮೀಟರು. ಕೆಂಪು ನೆಲದ ನಡುವೆ ಒಂಟಿಒಂಟಿಯಾಗಿ ನಿಂತ ಬೃಹದಾಕಾರದ ಬೋಳುಬಂಡೆಗಳು ಕಾರ್ಕಳದ ಬೆಟ್ಟವನ್ನು ನೆನಪಿಗೆ ತರುತ್ತಿದ್ದವು. ದಾರಿಯುದ್ದಕ್ಕೂ ಮಾವು, ಗೇರು. ಆಮೇಲೆ ತೆಂಗು. ತೆಂಗು ಕಂಡ ಮೇಲೆ ಕಡಲು ದೂರವಿರುವುದಿಲ್ಲ ಎಂಬ ನಮ್ಮೂರ ಲೆಕ್ಕ ಅಲ್ಲಿಯೂ ತಪ್ಪಲಿಲ್ಲ. ಕಡಲಿನ ಮೇಲೆ 1960ರ ದಶಕದಲ್ಲಿ ಕಟ್ಟಿದ, ಮೂರು ಕಿಲೋಮೀಟರಿಗೂ ಮಿಕ್ಕಿ ಉದ್ದದ ಸೇತುವೆ. ಒಂದು ವಾಹನಕ್ಕೆ ಮಾತ್ರ ಜಾಗವಿರುವುದರಿಂದ, ಎದುರಿನಿಂದ ಬಂದವರಿಗಾಗಿ ಅಲ್ಲಲ್ಲಿ ಬದಿಗೆ ಸರಿದು ನಿಲ್ಲಬೇಕು. ಅದನ್ನು ದಾಟಿದರೆ ಮೊಸಾಂಬಿಕ್ ದ್ವೀಪ. ದ್ವೀಪದಿಂದ ದೇಶಕ್ಕೆ ಹೆಸರು ಬಂದಿತೇ ಹೊರತು ದೇಶದಿಂದ ದ್ವೀಪಕ್ಕಲ್ಲ. ಈಗ ದ್ವೀಪವೂ ಎದುರಿನ ದಡದ ಲುಂಬೊ ಎಂಬ ಊರೂ ಸೇರಿ ಒಂದೇ ಪುರಸಭೆ.

ಊರಿನ ಹೆಸರಿನ ಫಲಕದಲ್ಲಿ ಆ ಬಾಲವಿದ್ದ ಅಕ್ಷರ ಕಂಡೊಡನೆ ನಾನು ಕಾರು ನಿಲ್ಲಿಸಲು ಹೇಳಿದೆ. ಪೋರ್ಚುಗೀಸ್ ಭಾಷೆಯಲ್ಲಿ ಆ ಬಾಲವಿದ್ದರೆ ಅಕ್ಷರವನ್ನು ‘ಸ’ ಎಂದು ಉಚ್ಚರಿಸಬೇಕೆಂದು ಭಾವ ವಿವರಿಸಿದರು. ಮೂವತ್ತು ವರ್ಷಗಳ ಸಂಶಯ ಅರ್ಧ ನಿಮಿಷದಲ್ಲಿ ಪರಿಹಾರವಾಯಿತು.

ದ್ವೀಪವೆಂದರೆ ಎಷ್ಟು ದೊಡ್ಡದು? ಉದ್ದ 3 ಕಿಲೋಮೀಟರು. ಅಗಲ ಎಲ್ಲಿಯೂ ಅರ್ಧ ಕಿಲೋಮೀಟರನ್ನು ಮೀರದು. ಇಡೀ ನೆಲ ಹವಳದ ಬಂಡೆ. ನದಿಯಿಲ್ಲ, ಸಿಹಿನೀರಿನ ಒರತೆಯಿಲ್ಲ. ಇದರ ಸ್ಥಾನ ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 15 ಡಿಗ್ರಿ. ಗೋವೆ ಇರುವುದು ಉತ್ತರಕ್ಕೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಭೂಪಟವನ್ನು ಭೂಮಧ್ಯರೇಖೆಯ ಮೇಲೆ ಮಡಿಸಿದರೆ ಎರಡೂ ಒಂದೇ ಮಟ್ಟಕ್ಕೆ ಬಂದಾವು. ಈ ಎರಡು ಊರುಗಳನ್ನು ಬೆಸೆದದ್ದು ಗಾಳಿ. ಮಾರ್ಚಿನಲ್ಲಿ ಲಿಸ್ಬನ್ ಬಿಟ್ಟ ಹಡಗುಗಳು ಆಫ್ರಿಕದ ತುದಿಯನ್ನು ಸುತ್ತಿ ಜುಲೈ-ಆಗಸ್ಟಿನ ಹೊತ್ತಿಗೆ ಇಲ್ಲಿ ತಂಗಿ, ನಮ್ಮಲ್ಲಿ ಮಳೆ ತರುವ ನೈಋತ್ಯ ಮಾರುತವನ್ನು ಹಾಯಿಗೆ ತುಂಬಿಕೊಂಡು ಗೋವೆಗೆ ಹೋಗುತ್ತಿದ್ದವು. ತಡವಾದವರು ಮರುವರ್ಷದ ಗಾಳಿಗಾಗಿ ತಿಂಗಳುಗಟ್ಟಲೆ ಇಲ್ಲಿಯೇ ಕಾಯಬೇಕು. ಹಾಗೆ ಕಾಯುತ್ತ ಜ್ವರದಿಂದ ಸತ್ತವರಿಗೆ ಲೆಕ್ಕವಿಲ್ಲ.

ವಾಸ್ಕೋ ಡ ಗಾಮ ಇಲ್ಲಿಗೆ ಬಂದದ್ದು 1498ರ ಮಾರ್ಚಿನಲ್ಲಿ, ಕಲ್ಲಿಕೋಟೆಯನ್ನು ಕಾಣುವುದಕ್ಕೆ ಎರಡೇ ತಿಂಗಳ ಮೊದಲು. ಆಗ ಇದು ಅರಬರೊಡನೆ ವ್ಯಾಪಾರ ನಡೆಸುತ್ತಿದ್ದ ಒಬ್ಬ ಷೇಖನ ಊರು. 1507ರಲ್ಲಿ ಪೋರ್ಚುಗೀಸರು ನೆಲೆಯೂರಿದರು. 1522ರಲ್ಲಿ ಅವರು ಕಟ್ಟಿದ ಪುಟ್ಟ ಪ್ರಾರ್ಥನಾಮಂದಿರ ಉತ್ತರದ ತುದಿಯಲ್ಲಿ ಇಂದಿಗೂ ಇದೆ. ಅದಕ್ಕೆ ತಾಗಿಕೊಂಡು 1558ರಲ್ಲಿ ಆರಂಭವಾದ ಸಂತ ಸೆಬಾಸ್ಟಿಯನ್ ಕೋಟೆ ಮುಗಿದದ್ದು 1620ರಲ್ಲಿ. ಅಷ್ಟರೊಳಗೆ 1607ರಲ್ಲಿಯೂ 1608ರಲ್ಲಿಯೂ ಡಚ್ಚರು ಮುತ್ತಿಗೆ ಹಾಕಿ, ಊರನ್ನು ಸುಟ್ಟು, ಕೋಟೆಯನ್ನು ಗೆಲ್ಲಲಾರದೆ ಮರಳಿದರು. 1752ರವರೆಗೆ ಈ ಊರಿಗೆ ಆಜ್ಞೆ ಬರುತ್ತಿದ್ದುದು ಗೋವೆಯ ವೈಸರಾಯನಿಂದ. ದೀವಿನ ಬನಿಯರು ಬಟ್ಟೆ ತಂದು ಮಾರಿ ಆನೆಯ ದಂತ ಕೊಂಡರು. ಇಲ್ಲೊಂದು ಹಿಂದೂ ದೇವಾಲಯವೂ ಇದೆ. ದಂತದ ಜೊತೆಗೆ ಮನುಷ್ಯರೂ ಮಾರಾಟವಾದರು. ಒಳನಾಡಿನಿಂದ ಸರಪಳಿ ಬಿಗಿದು ತಂದವರನ್ನು ಇಲ್ಲಿಂದ ಫ್ರೆಂಚರ ದ್ವೀಪಗಳಿಗೂ ಬ್ರೆಜಿಲಿಗೂ ಸಾಗಿಸಿದರು.

ನನ್ನಂತಹ ಸಾಹಿತ್ಯದ ಮೇಷ್ಟರಿಗೆ ಇಲ್ಲೊಂದು ತೀರ್ಥಸ್ಥಳವೂ ಉಂಟು. ಪೋರ್ಚುಗಲ್ಲಿನ ಮಹಾಕವಿ ಕಮೊಯೆನ್ಸ್ ಗೋವೆಯಿಂದ ತಾಯ್ನಾಡಿಗೆ ಮರಳುವಾಗ, ಮುಂದಿನ ಪ್ರಯಾಣಕ್ಕೆ ಕಾಸಿಲ್ಲದೆ ಸುಮಾರು ಎರಡು ವರ್ಷ ಈ ದ್ವೀಪದಲ್ಲಿ ಸಿಕ್ಕಿಬಿದ್ದ. ಕೊನೆಗೆ ಸ್ನೇಹಿತರು ಸಾಲ ತೀರಿಸಿ ಹಡಗು ಹತ್ತಿಸಿದರು. ಅವನ ಕಾವ್ಯ ಅಚ್ಚಾದದ್ದು 1572ರಲ್ಲಿ. ಅವನ ಪ್ರತಿಮೆಯೊಂದು ಊರಿನಲ್ಲಿದೆ. ಕವಿಗಳಿಗೆ ಪ್ರತಿಮೆ ಸಿಗುವಷ್ಟು ಸುಲಭವಾಗಿ ಟಿಕೆಟಿನ ಹಣ ಸಿಗುವುದಿಲ್ಲವೆಂದು ಭಾವನವರಿಗೆ ಹೇಳಿದೆ. ಅವರು ನನ್ನನ್ನು ಒಂದು ಬಗೆಯಾಗಿ ನೋಡಿದರು.

1898ರಲ್ಲಿ ರಾಜಧಾನಿ ಬಹುದೂರ ದಕ್ಷಿಣಕ್ಕೆ, ಇಂದಿನ ಮಪುಟೊ ನಗರಕ್ಕೆ ಹೋಯಿತು. 1975ರಲ್ಲಿ ದೇಶ ಸ್ವತಂತ್ರವಾದಾಗ ಬಿಳಿಯರು ಮನೆಗಳನ್ನು ಬಿಟ್ಟು ನಡೆದರು. 1991ರಲ್ಲಿ ಯುನೆಸ್ಕೊ ದ್ವೀಪವನ್ನು ವಿಶ್ವಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆದರೂ ಅನೇಕ ಸೌಧಗಳಿಗೆ ಈಗಲೂ ಮಾಡಿಲ್ಲ. ಗೋಡೆಯ ಬಿರುಕುಗಳಲ್ಲಿ ಗಿಡಗಳು ಬೇರುಬಿಟ್ಟಿವೆ. ಈ ಮನೆಗಳಿಗೆಲ್ಲ ಸುಣ್ಣದ ಗಾರೆಯ ಚಪ್ಪಟೆ ತಾರಸಿಗಳು. ಅವುಗಳ ಮೇಲೆ ಬಿದ್ದ ಮಳೆನೀರು ನೆಲದಡಿಯ ತೊಟ್ಟಿಗಳಿಗೆ ಇಳಿಯುತ್ತಿತ್ತು. ಒರತೆಯಿಲ್ಲದ ಊರಿಗೆ ಆಕಾಶವೇ ಬಾವಿ. ಕೋಟೆಯೊಳಗಿನ ಹಳೆಯ ತೊಟ್ಟಿಯಿಂದ ಹೆಂಗಸರು ನೀರು ಹೊರುತ್ತಿದ್ದುದನ್ನು ನಾನೇ ಕಂಡೆ.

ಉತ್ತರದ ಅರ್ಧ ಕಲ್ಲಿನ ಊರಾದರೆ, ದಕ್ಷಿಣದ ಅರ್ಧ ‘ಮಕೂತಿ’. ಅದು ಮನೆಗೆ ಹೊದಿಸುವ ತೆಂಗಿನ ಮಡಲಿನ ಹೆಸರು. ಜನರಲ್ಲಿ ಹೆಚ್ಚಿನವರು ವಾಸಿಸುವುದು ಇಲ್ಲಿಯೇ. ವಿಚಿತ್ರವೆಂದರೆ, ರಸ್ತೆಯಲ್ಲಿ ನಿಂತವನ ಕಣ್ಣಿನ ಮಟ್ಟಕ್ಕೆ ಈ ಮನೆಗಳ ಮಾಡು ಬರುತ್ತದೆ. ಕಲ್ಲಿನ ಊರನ್ನು ಕಟ್ಟಲು ಕಲ್ಲು ತೆಗೆದದ್ದು ಇಲ್ಲಿಂದ. ಆ ಕೋರೆಯ ಗುಂಡಿಗಳಲ್ಲಿಯೇ, ಕಲ್ಲು ತೆಗೆದವರ ವಂಶದವರು ಮನೆ ಮಾಡಿಕೊಂಡರು. ಮಳೆಗಾಲದಲ್ಲಿ ನೀರೆಲ್ಲ ಹರಿದು ನಿಲ್ಲುವುದು ಅವರ ಅಂಗಳದಲ್ಲಿ. 2022ರ ಮಾರ್ಚಿನಲ್ಲಿ ‘ಗೊಂಬೆ’ ಎಂಬ ಚಂಡಮಾರುತ ಈ ತೀರಕ್ಕೆ ಅಪ್ಪಳಿಸಿತು. ಆ ಹೆಸರು ಕೇಳಿ ನನಗೆ ನಗು ಬಂದಿತ್ತು. ಇಲ್ಲಿ ಹೊಸದಾಗಿ ಹೊದಿಸಿದ ಮಾಡುಗಳನ್ನು ನೋಡಿದ ಮೇಲೆ ನಾಚಿಕೆಯಾಯಿತು.

ನಮ್ಮ ಕಾರಿನ ಚಾಲಕನ ಚಿಕ್ಕಮ್ಮನ ಮನೆ ಮಕೂತಿಯಲ್ಲಿತ್ತು. ಮೆಟ್ಟಿಲಿಳಿದು ಹೋದೆವು. ಎಪ್ಪತ್ತರ ಆಸುಪಾಸಿನ ಮುದುಕಿ; ನಾವು ಗಂಧ ತೇಯುವಂತೆಯೇ ಒಂದು ಬಗೆಯ ಕಟ್ಟಿಗೆಯನ್ನು ಕಲ್ಲಿನ ಮೇಲೆ ತೇಯುತ್ತ ಕುಳಿತಿದ್ದಳು. ಅದರ ಬಿಳಿಯ ಲೇಪವನ್ನು ಅಲ್ಲಿನ ಹೆಂಗಸರು ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ನಾವು ಭಾರತದವರೆಂದು ತಿಳಿದೊಡನೆ ಏನೋ ಹೇಳಿ ನಕ್ಕಳು. ಚಾಲಕ ಅನುವಾದಿಸಲು ಹಿಂಜರಿದ. ಒತ್ತಾಯಿಸಿದ ಮೇಲೆ ಹೇಳಿದ: “ನಮ್ಮ ಬೀಜವನ್ನೆಲ್ಲ ತಿಂದವರು ಇವರೇ ಏನು ಎಂದು ಕೇಳುತ್ತಿದ್ದಾಳೆ.”

ಆಕೆ ಎದುರಿನ ದಡದ ಸೀಮೆಯಲ್ಲಿ ಬೀಜದ ಕಾರ್ಖಾನೆಯೊಂದರಲ್ಲಿ ದುಡಿದವಳು. 1970ರ ದಶಕದ ಆರಂಭದಲ್ಲಿ ಈ ದೇಶ ವರ್ಷಕ್ಕೆ 2 ಲಕ್ಷ ಟನ್ನಿಗೂ ಮಿಕ್ಕಿ ಗೇರು ಬೆಳೆಯುತ್ತ ಜಗತ್ತಿಗೇ ಮೊದಲನೆಯದಾಗಿತ್ತು. ಅಂತರ್ಯುದ್ಧದಲ್ಲಿ ಅದೆಲ್ಲ ಕುಸಿಯಿತು. 1990ರ ದಶಕದ ನಡುವೆ ವಿಶ್ವಬ್ಯಾಂಕಿನ ಒತ್ತಾಯದಿಂದ ಕಚ್ಚಾಬೀಜದ ರಫ್ತಿನ ಮೇಲಿನ ಸುಂಕವನ್ನು ಇಳಿಸಿದರು. ಬೀಜ ಹಡಗು ಹತ್ತಿ ಭಾರತಕ್ಕೆ ಬಂದಿತು. ಇಲ್ಲಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿ, ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಈ ಮುದುಕಿಯೂ ಒಬ್ಬಳು.

ನಾನು ಮನಸ್ಸಿನಲ್ಲಿಯೇ ವರ್ಷಗಳನ್ನು ಕೂಡಿಸಿದೆ. ಅಮ್ಮನಿಗೆ ಒಂದು ದಿನವೂ ಕೆಲಸ ತಪ್ಪದಿದ್ದ ವರ್ಷಗಳು ಅವೇ. ನಮ್ಮ ಮಾಡಿಗೆ ಹಂಚು ಬಂದದ್ದೂ ನನ್ನನ್ನು ಒಳ್ಳೆಯ ಶಾಲೆಗೆ ಸೇರಿಸಿದ್ದೂ ಆಗಲೇ. ಅಮ್ಮ ಯಾರದನ್ನೂ ಕಸಿದವಳಲ್ಲ. ಬೇಯಿಸಿದ ಬೀಜವನ್ನು ಯಂತ್ರದ ಬಾಯಿಗೆ ಕೊಟ್ಟು, ಕಾಲಿನಿಂದ ಮೆಟ್ಟಿ, ಸಿಪ್ಪೆಯ ಸೊನೆಯಿಂದ ಬೆರಳು ಸುಟ್ಟುಕೊಂಡು, ಒಡೆದ ತೂಕಕ್ಕೆ ತಕ್ಕ ಕೂಲಿ ತಂದವಳು. ಇದೆಲ್ಲ ನನಗೆ ಗೊತ್ತು. ಆದರೂ ಆ ಗುಂಡಿಯ ಅಂಗಳದಲ್ಲಿ ಕುಳಿತು ಆಕೆ ಕೊಟ್ಟ ಬೇಯಿಸಿದ ಮರಗೆಣಸನ್ನು ನುಂಗುವುದು ಕಷ್ಟವಾಯಿತು.

“ನನ್ನ ತಾಯಿಯೂ ಬೀಜ ಒಡೆದವಳೇ ಎಂದು ಹೇಳು” ಎಂದೆ. ಚಾಲಕ ಹೇಳಿದ. ಮುದುಕಿ ತೇಯುವುದನ್ನು ನಿಲ್ಲಿಸಿದಳು. ನನ್ನ ಬಲಗೈಯನ್ನು ಹಿಡಿದು, ಅಂಗೈ ಮೇಲಾಗಿ ತಿರುಗಿಸಿ, ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಸೀಮೆಸುಣ್ಣ ಹಿಡಿದ ಮೆತ್ತನೆಯ ಕೈ. ಒಂದು ಮಾತು ಹೇಳಿ ಕೈಬಿಟ್ಟಳು. “ಈ ಕೈಯನ್ನು ಅವಳು ಚೆನ್ನಾಗಿ ಕಾಪಾಡಿದ್ದಾಳೆ ಎನ್ನುತ್ತಾಳೆ” ಎಂದ ಚಾಲಕ.

ರಾತ್ರಿ ಅಮ್ಮನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಕೋಟೆ, ಕವಿ, ಬಾಲವಿದ್ದ ಅಕ್ಷರ ಇವನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಮುದುಕಿಯ ವಿಷಯ ಬಂದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: “ಅವಳು ಕೈಗೆ ಎಂತ ಹಚ್ಚಿಕೊಳ್ಳುತ್ತಿದ್ದಳಂತೆ ಮಗಾ? ಬೂದಿಯೋ, ಎಣ್ಣೆಯೋ?”

ಅದನ್ನು ನಾನು ಕೇಳಿರಲಿಲ್ಲ. ಮರುದಿನ ಹೊರಡುವ ಮೊದಲು ಮತ್ತೆ ಆ ಮೆಟ್ಟಿಲಿಳಿದು ಕೇಳಿಕೊಂಡು ಬಂದೆ. ಬೂದಿಯಂತೆ. ಅಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ. ಹರಳೆಣ್ಣೆಯೇ ಮೇಲು ಎಂದಳು.