ಬಿಸಿನೀರನ್ನು ನೂಕುವುದು ತಣ್ಣೀರು

ಬಚ್ಚಲುಮನೆಯಲ್ಲಿ ಬಿಸಿನೀರು ಸಣ್ಣಗೆ ಬರತೊಡಗಿದರೆ ನಾವು ಮೊದಲು ದೂರುವುದು ಗೀಸರನ್ನು. "ಹಳೆಯದಾಯಿತು, ಬದಲಾಯಿಸಬೇಕು" ಎಂಬ ಮಾತು ಮನೆಯಲ್ಲಿ ಏಳುತ್ತದೆ. ಪ್ರಿಯ ಓದುಗರೇ, ಹಾಗೆ ತೀರ್ಮಾನಿಸುವ ಮುನ್ನ ಸ್ವಲ್ಪ ತಾಳಿ. ನಾನು ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿ, ಮಕ್ಕಳಿಗೆ ಪಾಠ ಹೇಳುವವಳು. ಪ್ಲಂಬರ್ ಅಲ್ಲ. ಆದರೂ ನೀರು ಎಲ್ಲಿಂದ ಹೊರಟು ಎಲ್ಲಿಗೆ ಬರುತ್ತದೆ ಎಂಬ ದಾರಿಯನ್ನು ಯಾರೂ ಅರಿತುಕೊಳ್ಳಬಹುದು. ಅರಿತರೆ ಹಣವೂ ಉಳಿಯುತ್ತದೆ, ಕೆಲವೊಮ್ಮೆ ಜೀವವೂ ಉಳಿಯುತ್ತದೆ.

ನಮ್ಮ ಭಾವಿಕೇರಿಯಂಥ ಕರಾವಳಿಯ ಊರುಗಳ ಹಳೆಯ ಬಚ್ಚಲುಮನೆಗಳಲ್ಲಿ ಹಂಡೆ ಇರುತ್ತಿತ್ತು, ಕೆಲವು ಮನೆಗಳಲ್ಲಿ ತಾಮ್ರದ ಬಾಯ್ಲರ್. ಒಣಗಿದ ತೆಂಗಿನ ಗರಿ, ಕರಟ ಹಾಕಿ ಉರಿ ಮಾಡುತ್ತಿದ್ದರು. ಆ ಬಾಯ್ಲರಿನ ಬಾಯಿಗೆ ಒಂದು ತಂಬಿಗೆ ತಣ್ಣೀರು ಸುರಿದರೆ ಅದು ತಳಕ್ಕಿಳಿದು, ಮೇಲಿದ್ದ ಬಿಸಿನೀರು ಇನ್ನೊಂದು ಕೊಳವೆಯಿಂದ ಹೊರಬರುತ್ತಿತ್ತು. ಸುರಿದಷ್ಟೇ ಬರುತ್ತಿತ್ತು, ಸುರಿಯದಿದ್ದರೆ ಇಲ್ಲ. ಇಂದಿನ ಗೀಸರ್ ಕೂಡ ಇದನ್ನೇ ಮಾಡುತ್ತದೆ. ಅದು ನೀರನ್ನು ಕಾಯಿಸುತ್ತದೆ, ನೂಕುವುದಿಲ್ಲ. ತಣ್ಣೀರು ತಳದಿಂದ ಒಳನುಗ್ಗಿ ಬಿಸಿನೀರನ್ನು ಮೇಲಿನಿಂದ ಹೊರಗೆ ನೂಕುತ್ತದೆ. ಹೀಗಾಗಿ ಬಿಸಿನೀರು ಸಣ್ಣಗಾದರೆ ತಣ್ಣೀರಿನ ದಾರಿಯನ್ನೂ ಹುಡುಕಬೇಕು.

ತಣ್ಣೀರಿಗೆ ಆ ಬಲ ಬರುವುದು ಎತ್ತರದಿಂದ. ತರಗತಿಯಲ್ಲಿ ಮಕ್ಕಳಿಗೆ ಇದನ್ನು ತೋರಿಸಲು ಒಂದು ಪ್ಲಾಸ್ಟಿಕ್ ಬಾಟಲಿ ಸಾಕು. ಮೇಲೆ, ನಡುವೆ, ಕೆಳಗೆ ಮೂರು ತೂತು ಮಾಡಿ ನೀರು ತುಂಬಿಸಿದರೆ ಕೆಳಗಿನ ತೂತಿನ ಧಾರೆಯೇ ಜೋರು. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಒಂದೇ ಅಂತಸ್ತಿನ ಮನೆಯ ಮೇಲೆ ಟ್ಯಾಂಕ್ ಇದ್ದು, ಅದರ ನೀರಿಗೂ ಶವರಿಗೂ ಎತ್ತರದ ಅಂತರ 2 ಮೀಟರ್ ಮಾತ್ರ ಇದ್ದರೆ ಸಿಗುವುದು ಬರೀ 0.2 ಬಾರ್. ಶವರ್ ತೊಟ್ಟಿಕ್ಕಿ, ಕೆಳಗಿನ ನಲ್ಲಿಯಲ್ಲಿ ಬಕೆಟ್ ಬೇಗ ತುಂಬಿದರೆ ಯಾವುದೂ ಕೆಟ್ಟಿಲ್ಲದಿರಬಹುದು, ಎತ್ತರ ಕಡಿಮೆ ಅಷ್ಟೇ. ಬಕೆಟಿನಲ್ಲಿ ಸ್ನಾನ ಮಾಡಿದರೆ ಆಯಿತು. ಮುಂಜಾನೆ ಹಿರಿಯರ ವುಝೂವಿಗಂತೂ ಸಣ್ಣ ಧಾರೆಯೇ ಸಾಕು.

ಆದರೆ ನಿನ್ನೆವರೆಗೆ ಚೆನ್ನಾಗಿ ಬರುತ್ತಿದ್ದ ನೀರು ಇಂದು ಸಣ್ಣಗಾಗಿದ್ದರೆ ಹೀಗೆ ನೋಡಿ. ಮೊದಲು ಅದೇ ಬಚ್ಚಲಿನ ತಣ್ಣೀರು ನಲ್ಲಿ ತಿರುಗಿಸಿ. ಅದೂ ಸಣ್ಣಗಿದ್ದರೆ ಗೀಸರಿನ ತಪ್ಪಿಲ್ಲ. ಟ್ಯಾಂಕಿನಲ್ಲಿ ನೀರಿದೆಯೇ, ಕೆಳಗಿಳಿಯುವ ಪೈಪಿನ ವಾಲ್ವ್ ಪೂರ್ತಿ ತೆರೆದಿದೆಯೇ, ತಳದಲ್ಲಿ ಕೆಸರು ಕೂತಿದೆಯೇ ನೋಡಿ. ತಣ್ಣೀರು ಜೋರಾಗಿದ್ದು ಬಿಸಿನೀರು ಮಾತ್ರ ಸಣ್ಣಗಿದ್ದರೆ, ಒಂದೇ ನಲ್ಲಿಯಲ್ಲೋ ಎಲ್ಲ ನಲ್ಲಿಗಳಲ್ಲೋ ಗಮನಿಸಿ. ಒಂದರಲ್ಲೇ ಆದರೆ ಆ ನಲ್ಲಿಯ ಜಾಲರಿ ಅಥವಾ ಶವರಿನ ತೂತು ಕಟ್ಟಿರುತ್ತದೆ. ಬಿಚ್ಚಿ ತೊಳೆಯಿರಿ. ಕೊಳವೆ ಬಾವಿಯ ಗಡಸು ನೀರಿನಿಂದ ಬಿಳಿ ಪದರ ಕಟ್ಟಿದ್ದರೆ ವಿನೆಗರ್‌ನಲ್ಲಿ ನೆನೆಸಿಟ್ಟು ಉಜ್ಜಿದರೆ ಬಿಡುತ್ತದೆ. ಎಲ್ಲ ನಲ್ಲಿಗಳಲ್ಲೂ ಸಣ್ಣಗಿದ್ದರೆ ಗೀಸರಿಗೆ ತಣ್ಣೀರು ಹೋಗುವ ಪೈಪಿನ ವಾಲ್ವ್ ನೋಡಿ. ರಿಪೇರಿಗೆ ಬಂದವರು ಅರ್ಧ ತೆರೆದು ಹೋಗಿರುವುದುಂಟು.

ನೆರೆಯ ಖಾಲಾ ಒಬ್ಬರ ಮನೆಯಲ್ಲಿ ಮಳೆಗಾಲದ ಆರಂಭದಲ್ಲಿ ಹೀಗೇ ಆಯಿತು. ನೋಡಲು ಬಂದ ಮೆಕ್ಯಾನಿಕ್ ಹೊಸ ಗೀಸರ್ ತರಲು ಹೇಳಿ ಹೋಗಿದ್ದ. ಗಲ್ಫ್‌ನಲ್ಲಿರುವ ಮಗ ಹಣ ಕಳಿಸಲಿ ಎಂದು ಅವರು ಕಾಯುತ್ತಿದ್ದರು. "ಖಾಲಾ, ಮೊದಲು ತಣ್ಣೀರು ಬಿಡಿ, ನೋಡೋಣ" ಎಂದೆ. ತಣ್ಣೀರು ಜೋರಾಗಿ ಬಂತು. ಬಿಸಿನೀರು ಮಾತ್ರ ಎರಡೂ ನಲ್ಲಿಗಳಲ್ಲಿ ನೂಲಿನಂತೆ. ಬೇರೆ ಪ್ಲಂಬರನ್ನು ಕರೆಸಿ ಒಳಬರುವ ಪೈಪ್ ಬಿಚ್ಚಿಸಿದಾಗ ಅದರ ಜಾಲರಿಯ ತುಂಬ ಮರಳು! ಮೇ ತಿಂಗಳಲ್ಲಿ ಬಾವಿಯ ನೀರು ತಳ ಕಂಡಾಗ ಪಂಪು ಎಳೆದ ಮರಳು ಅದು. ಬೇಸಿಗೆಯಲ್ಲಿ ಬಿಸಿನೀರು ಬೇಕಿರಲಿಲ್ಲವಾದ್ದರಿಂದ ಗೊತ್ತಾಗಿರಲಿಲ್ಲ. ಜಾಲರಿ ತೊಳೆದದ್ದೇ ರಿಪೇರಿ. ಬೇಸಿಗೆ ಮುಗಿದ ಮೇಲೆ ಟ್ಯಾಂಕ್ ತೊಳೆಸುವುದು ಎಷ್ಟು ಒಳ್ಳೆಯದೆಂದು ಇದರಿಂದಲೇ ತಿಳಿಯಿರಿ.

ಇನ್ನು ಗಾಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿ, ಪಂಪು ನಡೆಯದೆ ಟ್ಯಾಂಕ್ ಬರಿದಾದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಆಮೇಲೆ ಟ್ಯಾಂಕ್ ತುಂಬಿದರೂ ನಲ್ಲಿ ಉಗುಳಿ ಉಗುಳಿ ನೀರು ಬಿಡುತ್ತದೆ. ಕೆಳಗಿನ ನಲ್ಲಿಗಳನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ಸಾಮಾನ್ಯವಾಗಿ ಗಾಳಿ ಹೊರಹೋಗುತ್ತದೆ. ಆ ನೀರನ್ನು ಬಕೆಟಿನಲ್ಲಿ ಹಿಡಿದಿಡಿ. ಸೋಲಾರ್ ಇರುವ ಮನೆಗಳಲ್ಲಿ ಇನ್ನೊಂದು ಮಾತು: ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ಮೇಲ್ಭಾಗಕ್ಕಿಂತ ಎತ್ತರದಲ್ಲಿರಬೇಕು. ಇಲ್ಲದಿದ್ದರೆ ಸೋಲಾರಿಗೆ ನೀರು ಪೂರ್ತಿ ತುಂಬುವುದಿಲ್ಲ.

ಕೆಲಸಕ್ಕೋ ಓದಿಗೋ ಇಂಗ್ಲೆಂಡಿಗೆ ಹೋದ ನಮ್ಮ ಮಕ್ಕಳು ಅಲ್ಲಿನ ಬಾಯ್ಲರಿನ ಒತ್ತಡ ಇಳಿಯಿತೆಂದು ಫೋನಿನಲ್ಲಿ ಹೇಳುವುದುಂಟು. ಅಲ್ಲಿ ಮನೆ ಬೆಚ್ಚಗಿಡುವ ನೀರು ಮುಚ್ಚಿದ ಪೈಪುಗಳಲ್ಲಿ ಸುತ್ತುತ್ತಲೇ ಇರುತ್ತದೆ. ತಣ್ಣಗಿರುವಾಗ ಮುಳ್ಳು ಸಾಮಾನ್ಯವಾಗಿ 1ರಿಂದ 1.5 ಬಾರ್ ನಡುವೆ ಇರಬೇಕು. ತುಂಬಾ ಇಳಿದರೆ ಬಾಯ್ಲರ್ ನಿಂತುಬಿಡುತ್ತದೆ. ಒಮ್ಮೆ ನೀರು ತುಂಬಿಸಿದರೆ ಸರಿಹೋಗಬಹುದು. ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿದು, ತುಂಬಿಸುತ್ತ ಕೂರದೆ ಸೋರಿಕೆ ಹುಡುಕಿಸಬೇಕು.

ಓದುಗರೇ, ಇನ್ನು ಮುಂದಿನದನ್ನು ದಯವಿಟ್ಟು ಗಮನವಿಟ್ಟು ಓದಿ. ಗೀಸರಿನ ಬಳಿ ಒಂದು ಸುರಕ್ಷತಾ ವಾಲ್ವ್ ಇರುತ್ತದೆ. ನೀರು ಕಾಯುವಾಗ ಅದರಿಂದ ಹನಿ ಬೀಳುವುದುಂಟು. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಸುಮಾರು ಮೂರನೇ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಹೊರಗೆ ದಾರಿ ಬೇಡವೇ? ಹನಿ ನಿಲ್ಲಲಿ ಎಂದು ಅದರ ಬಾಯಿಗೆ ಬಿರಡೆ ಹಾಕುವುದು, ನೀರು ಜೋರಾಗಲಿ ಎಂದು ವಾಲ್ವನ್ನೇ ಕಿತ್ತುಹಾಕುವುದು ಎರಡೂ ಅಪಾಯ. ಒಳಗಿನ ಒತ್ತಡಕ್ಕೆ ದಾರಿಯಿಲ್ಲದೆ ಟ್ಯಾಂಕ್ ಸಿಡಿಯಬಹುದು. ಕೈಹಾಕುವ ಮೊದಲು ಸ್ವಿಚ್ಚಲ್ಲದೆ ಎಂಸಿಬಿಯನ್ನೂ ಇಳಿಸಿ. ಬಿಚ್ಚಿ ಜೋಡಿಸಿದ ಮೇಲೆ ಬಿಸಿನೀರು ನಲ್ಲಿಯಲ್ಲಿ ನೀರು ತುಂಬಿ ಬರುವವರೆಗೆ ಕರೆಂಟ್ ಕೊಡಬೇಡಿ.

ಗ್ಯಾಸ್ ಗೀಸರಿನಲ್ಲಂತೂ ಹೆಚ್ಚು ಎಚ್ಚರ ಬೇಕು. ಅಲ್ಲಿ ನೀರಿನ ಒತ್ತಡವೇ ಗ್ಯಾಸಿಗೆ ದಾರಿ ತೆರೆಯುವುದು. ಒತ್ತಡ ಸಾಲದಿದ್ದರೆ ಉರಿ ಹೊತ್ತುವುದಿಲ್ಲ, ಹೊತ್ತಿದರೂ ಆರುತ್ತದೆ. ಆಗ ಏನೇ ಉಪಾಯ ಮಾಡಿದರೂ ಗೀಸರನ್ನು ಬಾಗಿಲು ಮುಚ್ಚಿದ ಬಚ್ಚಲಿನೊಳಗೆ ಮಾತ್ರ ಇಡಬೇಡಿ. ಗಾಳಿ ಸಾಲದ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಕೂಗಲೂ ಆಗದಂತೆ ಪ್ರಜ್ಞೆ ತಪ್ಪುತ್ತದೆ. ಕರ್ನಾಟಕದಲ್ಲಿ ಸ್ನಾನಕ್ಕೆ ಹೋದವರು ಹೀಗೆ ಮೃತಪಟ್ಟ ಘಟನೆಗಳು ನಡೆದಿವೆ. ಗೀಸರ್ ಬಚ್ಚಲಿನ ಹೊರಗಿರಲಿ, ಕಿಟಕಿ ತೆರೆದಿರಲಿ. ಯಾರಾದರೂ ಬಿದ್ದರೆ ಬಾಗಿಲು ತೆರೆದು, ಗ್ಯಾಸ್ ಮುಚ್ಚಿ, ಹೊರಗಿನ ಗಾಳಿಗೆ ತಂದು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಬಚ್ಚಲಿನ ಒಲೆಯ ಕೆಂಡಕ್ಕೂ ಇದೇ ಮಾತು.

ಈ ವಾರ ಬಿಡುವಾದಾಗ ನಿಮ್ಮ ಮನೆಯ ನೀರಿನ ದಾರಿಯನ್ನು ಟ್ಯಾಂಕಿನಿಂದ ನಲ್ಲಿಯವರೆಗೆ ಒಮ್ಮೆ ನೋಡಿಬನ್ನಿ. ಯಾವ ವಾಲ್ವ್ ಯಾವುದಕ್ಕೆ ಎಂಬುದನ್ನು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ತೋರಿಸಿಕೊಡಿ. ರಿಪೇರಿಯವರು ಬಂದಾಗ "ಗೀಸರ್ ಹಾಳಾಗಿದೆ" ಎನ್ನುವ ಬದಲು "ತಣ್ಣೀರು ಸರಿಯಿದೆ, ಬಿಸಿನೀರು ಎರಡೂ ನಲ್ಲಿಗಳಲ್ಲಿ ಸಣ್ಣಗಿದೆ" ಎಂದು ಹೇಳಿ. ಅವರ ಅರ್ಧ ಕೆಲಸ ಮುಗಿದಂತೆಯೇ.