ಅಕ್ಷಭಂಗ

ಅಕ್ಷವೆಂಬ ಶಬ್ದಕ್ಕೆ ನಾನು ಪಾಠಶಾಲೆಯಲ್ಲಿ ಕಲಿತ ಅರ್ಥಗಳು ಹಲವು: ಪಗಡೆಯ ದಾಳ, ಇಂದ್ರಿಯ, ರುದ್ರಾಕ್ಷಿಯ ಮಣಿ, ಬಂಡಿಯ ಇರುಸು. ಇವುಗಳಲ್ಲಿ ಕಡೆಯದನ್ನು ಕೈಯಿಂದ ಮುಟ್ಟಿ ತಿಳಿದುಕೊಂಡದ್ದು ಮಾತ್ರ ನನ್ನ ಅರುವತ್ತೈದನೆಯ ವರುಷದಲ್ಲಿ, ಬೀದರದ ಲಾರಿ ದುರಸ್ತಿಯ ಅಂಗಳವೊಂದರಲ್ಲಿ.

ನನ್ನ ಮಗನು ಟಿಪ್ಪರ್ ಲಾರಿಯೊಂದನ್ನು ಇಟ್ಟುಕೊಂಡು ಬೀದರದ ಕಡೆಯ ಕೆಂಪು ಮುರುಮನ್ನು ಹಳ್ಳಿಗಳಿಗೆ ಸಾಗಿಸುತ್ತಾನೆ. ನಮ್ಮ ಜಿಲ್ಲೆಯ ನೆಲವನ್ನು ಬಲ್ಲ ವಾಚಕರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬೀದರ ಪಟ್ಟಣವು ಜಂಬಿಟ್ಟಿಗೆಯ ದಿನ್ನೆಯ ಮೇಲೆ ಕುಳಿತಿದೆ. ಬಹಮನಿ ಅರಸರು ಕೋಟೆಯ ಕಂದಕವನ್ನು ಆ ಕಲ್ಲಿನಲ್ಲಿಯೇ ಕೊರೆಯಿಸಿದರು. ಮಾಂಜ್ರಾ ನದಿಯನ್ನು ದಾಟಿ ಔರಾದದ ಕಡೆಗೆ ನಡೆದರೆ ಎರೆಭೂಮಿ. ಬೇಸಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಆ ಮಣ್ಣು ಎರಡು ಮಳೆ ಬಿದ್ದೊಡನೆ ಬೆಣ್ಣೆಯಾಗುವುದು.

ಕಳೆದ ಶ್ರಾವಣದಲ್ಲಿ ಔರಾದ ತಾಲ್ಲೂಕಿನ ಹಳ್ಳಿಯೊಂದರ ನೆಂಟರನ್ನು ಕಂಡುಬರಲೆಂದು ನಾನೂ ಆ ಲಾರಿಯನ್ನೇರಿದೆನು. ಮುರುಮನ್ನು ಸುರಿದು ಹಿಂದಿರುಗುವಾಗ ಹೊಲದ ದಾರಿಯಲ್ಲಿ ಎಡಗಡೆಯ ಹಿಂದಿನ ಗಾಲಿಯು ಹೂತಿತು. ಅದು ಗಿರ್ರನೆ ಸುತ್ತುತ್ತಿದ್ದಿತು. ಗಟ್ಟಿ ನೆಲದ ಮೇಲಿದ್ದ ಬಲಗಡೆಯದು ಮಿಸುಕಲಿಲ್ಲ. ನಿಲ್ಲಬಲ್ಲವನು ನಿಂತೇ ಇರುವುದು, ಜಾರುವವನು ಓಡುವುದು, ಇದೇನು ವಿಪರೀತವೆಂದು ಚಾಲಕನನ್ನು ಕೇಳಿದೆನು. ಅವನು ಭಾಲ್ಕಿಯ ಕಡೆಯ ಹುಡುಗ, ಮಿತಭಾಷಿ. "ಡಿಫರೆನ್ಷಿಯಲ್ ಹಂಗೇ ಇರ್ತದ್ರಿ ಗುರುಗಳೇ" ಎಂದಷ್ಟೇ ಹೇಳಿದನು.

ಎತ್ತಿನ ಬಂಡಿಯಲ್ಲಿ ಇರುಸು ತಿರುಗುವುದಿಲ್ಲ. ಗಾಲಿಗಳೆರಡೂ ತಮ್ಮ ಪಾಡಿಗೆ ತಾವು ಅದರ ಮೇಲೆ ಸುತ್ತುವುವು. ತಿರುವಿನಲ್ಲಿ ಹೊರಗಡೆಯ ಗಾಲಿಯು ಹೆಚ್ಚು ದೂರ ಓಡಿದರೆ ಒಳಗಡೆಯದಕ್ಕೆ ಅದರ ಗೊಡವೆಯಿಲ್ಲ. ಲಾರಿಯಲ್ಲಿಯಾದರೋ ಗಾಲಿಯನ್ನು ತಿರುಗಿಸುವುದೇ ಇರುಸು. ಆದುದರಿಂದ ಅದನ್ನು ಎರಡು ತುಂಡು ಮಾಡಿ ನಡುವೆ ಹಲ್ಲುಗಾಲಿಗಳ ಗೂಡೊಂದನ್ನು ಇಟ್ಟಿದ್ದಾರೆ. 1820ರ ದಶಕದ ಕೊನೆಯಲ್ಲಿ ಪೆಕ್ಕರ್ ಎಂಬ ಫ್ರೆಂಚ್ ಯಂತ್ರಜ್ಞನು ತನ್ನ ಉಗಿಬಂಡಿಗಾಗಿ ಇಂತಹ ಉಪಾಯವನ್ನು ರಚಿಸಿದನು. ವೇಗವನ್ನು ಗಾಲಿಗಳು ತಮ್ಮೊಳಗೆ ಹೊಂದಿಸಿಕೊಳ್ಳಬಹುದು. ಬಲವನ್ನು ಮಾತ್ರ ಗೂಡು ಸಮನಾಗಿ ಹಂಚುವುದು. ದೋಷವಿರುವುದು ಈ ಸಮಪಾಲಿನಲ್ಲಿಯೇ. ಕೆಸರಿನಲ್ಲಿ ಜಾರುವ ಗಾಲಿಗೆ ತಿರುಗಲು ಬೇಕಾದ ಬಲವು ಅತ್ಯಲ್ಪ. ಆಚೆಯದಕ್ಕೂ ಅಷ್ಟೇ ದೊರೆಯುವುದು.

ಇದಕ್ಕೆ ಪರಿಹಾರವಾಗಿ ಟಿಪ್ಪರಿನಲ್ಲಿ ಒಂದು ಬೀಗವಿದೆ, ಲಾಕ್ ಎನ್ನುತ್ತಾರೆ. ಸುತ್ತುವ ಗಾಲಿಯನ್ನು ಮೊದಲು ನಿಲ್ಲಿಸಿ ಗುಂಡಿಯನ್ನೊತ್ತಿದರೆ ಗಾಳಿಯ ಒತ್ತಡದಿಂದ ಹಲ್ಲುಗಳು ಕಚ್ಚಿಕೊಂಡು ಎರಡು ತುಂಡುಗಳೂ ಒಂದೇ ಇರುಸಿನಂತೆ ತಿರುಗುವುವು. ಚಾಲಕನ ಎದುರು ಚಿಕ್ಕ ದೀಪವೊಂದು ಹೊತ್ತಿಕೊಳ್ಳುವುದು. ಹುಡುಗನು ಹಾಗೆಯೇ ಮಾಡಿದನು. ಲಾರಿಯು ಮೆಲ್ಲನೆ ಮೇಲೆದ್ದು ಬಂದಿತು.

ಗಟ್ಟಿ ರಸ್ತೆಯನ್ನು ಸೇರಿದೊಡನೆ ಬೀಗವನ್ನು ತೆಗೆಯಬೇಕು. ಆದರೆ ಆ ಹೊತ್ತಿಗೆ ನಾನು ಮಾತಿಗೆ ತೊಡಗಿದ್ದೆನು. ಆಂಗ್ಲರ ಆ್ಯಕ್ಸಲ್ ಎಂಬುದೂ ನಮ್ಮ ಅಕ್ಷವೂ ಒಂದೇ ಮೂಲದಿಂದ ಹೊರಟ ದಾಯಾದಿ ಶಬ್ದಗಳೆಂದು ಆ ಹುಡುಗನಿಗೆ ವಿವರಿಸುತ್ತಲಿದ್ದೆನು. ನಡುನಡುವೆ, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕೆಂದು ಅವಸರಪಡಿಸುತ್ತಲೂ ಇದ್ದೆನು. ಮಳೆ ನಿಂತು ಡಾಂಬರು ಒಣಗಿದ್ದಿತು. ತಿರುವೊಂದರಲ್ಲಿ ಟೈರುಗಳು ಕಿರುಗುಟ್ಟಿದುವು; ಹಿಂದಿನಿಂದ ಫಟೀರೆಂದು ಸದ್ದಾಯಿತು. ಹುಡುಗನು ಆಗ ದೀಪವನ್ನು ನೋಡಿ ಬೀಗವನ್ನು ತೆಗೆದನು. ಇಂಜಿನ್ನು ಓಡುತ್ತಿದ್ದರೂ ಲಾರಿಯು ನಿಂತುಬಿಟ್ಟಿತು. ಪುನಃ ಬೀಗವನ್ನು ಹಾಕಿದನು; ನಡೆಯಿತು. ಬೀಗವಿದ್ದರೆ ಚಲನೆ, ಇಲ್ಲದಿದ್ದರೆ ಇಲ್ಲ! ನಾನು ವರುಷಗಟ್ಟಲೆ ಉರುಹೊಡೆಸಿದ ಅನ್ವಯ ವ್ಯತಿರೇಕಗಳು ಇವು. ಅವುಗಳಿಂದ, ಒಂದು ಕಡೆಯ ಇರುಸು ಮುರಿದಿದೆಯೆಂದು ಅವನು ಕೆಳಗಿಳಿಯದೆಯೇ ನಿರ್ಣಯಿಸಿದನು. ಉಳಿದ ಒಂದರ ಬಲದಿಂದಲೇ ಬರಿಯ ಲಾರಿಯನ್ನು ಆಮೆಯಂತೆ ಬೀದರಕ್ಕೆ ತಂದನು. ದಾರಿಯುದ್ದಕ್ಕೂ ನಾನು ಮಾತನಾಡಲಿಲ್ಲ.

ಮಗನು ಕೋಪಗೊಂಡು ಹುಡುಗನನ್ನು ಕೆಲಸದಿಂದ ಬಿಡಿಸಿದನು. ಬೀಗವನ್ನು ಮರೆತದ್ದು ತನ್ನ ತಪ್ಪೆಂದು ಹುಡುಗನು ಒಪ್ಪಿಕೊಂಡನು. ಮರೆಯಿಸಿದವರು ಯಾರೆಂಬುದನ್ನು ಹೇಳಲಿಲ್ಲ. ಜಗಲಿಯ ಮೇಲೆಯೇ ಕುಳಿತಿದ್ದ ನಾನೂ ಹೇಳಲಿಲ್ಲ. ಮೂವತ್ತು ವರುಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದವನು ಎರಡು ದಿನ ಊಟದ ಮಣೆಯ ಮೇಲೆ ಮಗನ ಎದುರು ತಲೆ ತಗ್ಗಿಸಿ ಉಂಡೆನು.

ಮೂರನೆಯ ದಿನ ಮಿಸ್ತ್ರಿಯ ಬಳಿಗೆ ಹೋದೆನು. ಈ ಲಾರಿಗಳಲ್ಲಿ ಭಾರವನ್ನು ಹೊರುವುದು ಹೊರಗಿನ ಹೌಸಿಂಗು. ಒಳಗಿನ ಇರುಸಿಗೆ ತಿರುಗಿಸುವುದೊಂದೇ ಕೆಲಸ. ಆದುದರಿಂದ ಗಾಲಿಯನ್ನು ಕಳಚದೆಯೇ, ಬೋಲ್ಟುಗಳನ್ನು ಬಿಚ್ಚಿ ಅದನ್ನು ಹೊರಗೆಳೆಯಬಹುದು. ಮಿಸ್ತ್ರಿಯು ಮುರಿದ ತುಂಡನ್ನು ಒರಸಿ ನನ್ನ ಕೈಗಿತ್ತನು. "ಈ ಮುಖ ನೋಡ್ರಿ ಗುರುಗಳೇ. ಇದು ಒಂದು ದಿನದ ಗಾಯ ಅಲ್ಲ." ಮುರಿದ ಮುಖದ ಮುಕ್ಕಾಲು ಪಾಲು ನಯವಾಗಿ, ಕಪ್ಪಾಗಿ, ಶಂಖದ ಮೇಲಿನ ಗೆರೆಗಳಂತಹ ಗೆರೆಗಳಿಂದ ಕೂಡಿದ್ದಿತು; ಉಳಿದ ಕಾಲು ಪಾಲು ಮಾತ್ರ ಸಕ್ಕರೆಯ ಹರಳಿನಂತೆ ಹೊಸದಾಗಿ ಹೊಳೆಯುತ್ತಿದ್ದಿತು. ಬಿರುಕು ಎಂದೋ ಹುಟ್ಟಿ, ಮಿತಿಮೀರಿದ ಹೊರೆಯನ್ನು ಎಳೆದಾಗಲೆಲ್ಲ ಕೂದಲೆಳೆಯಷ್ಟು ಬೆಳೆಯುತ್ತ ಬಂದಿದ್ದಿತು. ಆ ದಿನದ ತಿರುವು ಕಡೆಯ ಪೆಟ್ಟನ್ನು ಕೊಟ್ಟಿತು, ಅಷ್ಟೇ.

ಗೂಡಿನ ಎಣ್ಣೆಯನ್ನು ಇಳಿಸಿದಾಗ ಅದು ಹಾಲು ಬೆರೆತಂತೆ ಬಿಳಿದಾಗಿದ್ದಿತು. ನೀರು ಸೇರಿದ ಲಕ್ಷಣ. ಹೌಸಿಂಗಿನ ಮೇಲಿನ ಉಸಿರುರಂಧ್ರದಲ್ಲಿ ಎರೆಮಣ್ಣು ಮೆತ್ತಿ ಕಲ್ಲಾಗಿದ್ದಿತು. ಕಾದ ಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಎಣ್ಣೆಯು ಸೀಲುಗಳಲ್ಲಿ ಒಸರಿದೆ. ತಣಿದಾಗ ಅದೇ ಸೀಲುಗಳಿಂದ ನೀರನ್ನು ಹೀರಿದೆ. ಎಣ್ಣೆ ಇಳಿಸುವ ಬಿರಡೆಯ ಅಯಸ್ಕಾಂತಕ್ಕೆ ಅಂಟಿದ್ದ ಕಬ್ಬಿಣದ ಹುಡಿಯನ್ನು ಮಿಸ್ತ್ರಿಯು ಬೆರಳಿನಿಂದ ತಿಕ್ಕಿ ನೋಡಿದನು. ಕಾಡಿಗೆಯಂತೆ ನುಣುಪಾಗಿದ್ದರೆ ಭಯವಿಲ್ಲ, ಚೂರುಗಳಿದ್ದರೆ ಗೂಡನ್ನು ಬಿಚ್ಚಬೇಕು ಎಂದನು. ಚೂರುಗಳಿರಲಿಲ್ಲ.

ಅವನ ತರ್ಕವನ್ನು ಕೇಳುತ್ತ ನನಗೆ ಅಸೂಯೆಯೇ ಆಯಿತು. ಬಲ ಕೊಟ್ಟು ಎಳೆಯುವಾಗ ಊಳಿಟ್ಟರೆ ಕ್ರೌನ್ ಪಿನಿಯನ್ನಿನ ಸವೆತ. ತಿರುವಿನಲ್ಲಿ ಮಾತ್ರ ಸದ್ದಾದರೆ ಗೂಡಿನ ಚಿಕ್ಕ ಹಲ್ಲುಗಾಲಿಗಳು. ಸದಾ ಗೊರಗುಟ್ಟಿದರೆ ಬೇರಿಂಗು. ಕ್ಲಚ್ಚು ಬಿಟ್ಟೊಡನೆ ಠಣ್ ಎಂದರೆ? ಅದನ್ನು ಮಾತ್ರ ನಂಬಬಾರದಂತೆ. ಆ ಸದ್ದು ಮುಂದಿನ ಜಾಯಿಂಟಿನದೂ ಆಗಬಹುದು, ಮೊದಲು ಕೈಯಿಂದ ಅಲುಗಾಡಿಸಿ ನೋಡಬೇಕು. ಹೇತುವು ಸಾಧ್ಯವಿಲ್ಲದಲ್ಲಿಯೂ ಕಂಡರೆ ಅದು ವ್ಯಭಿಚಾರಿ ಹೇತುವೆಂದು ನಾವು ಹೇಳುವುದು ಇದನ್ನೇ ಅಲ್ಲವೆ? ನಮ್ಮ ಬಳಿ ಇದ್ದದ್ದು ಹೊಗೆ ಮತ್ತು ಬೆಂಕಿ, ಅವೂ ಪುಸ್ತಕದಲ್ಲಿ.

ಆ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದು ಮಗನ ಮುಂದೆ ಇಟ್ಟೆನು. ಕಪ್ಪು ಭಾಗವನ್ನು ತೋರಿಸಿ, "ಇದು ನೀನು ಹೇರಿಸಿದ ಹೊರೆಯದು" ಎಂದೆನು. ಹೊಳೆಯುವ ಭಾಗವನ್ನು ತೋರಿಸಿ, "ಇದು ನನ್ನ ನಾಲಗೆಯದು" ಎಂದು ಆ ದಿನದ ವೃತ್ತಾಂತವನ್ನೆಲ್ಲ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಪ್ಪಾ, ಇದನ್ನು ಅವತ್ತೇ ಹೇಳಬೇಕಾಗಿತ್ತು" ಎಂದನು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಭಾಲ್ಕಿಗೆ ಹೋಗಿ, ಅಲ್ಲಿಂದ ಅವನ ಹಳ್ಳಿಗೆ ನಡೆದೆನು. ಅವನ ತಾಯಿ ಚಹಾ ಕೊಟ್ಟಳು. ನಾನು ಪೀಠಿಕೆ ಹಾಕುವ ಮೊದಲೇ ಹುಡುಗನು ಅಂಗಿ ತೊಟ್ಟು ಹೊರಟು ನಿಂತಿದ್ದನು. ದಾರಿಯಲ್ಲಿ ಒಂದೇ ಒಂದು ಮಾತನಾಡಿದನು: "ನೀವು ಹೇಳ್ತಿರ್ರಿ ಗುರುಗಳೇ, ನನಗೂ ಕೇಳಾಕ ಛಲೋ ಅನಸ್ತದ. ಆ ಕೆಂಪು ದೀಪ ಹತ್ತಿದ್ರ ಮಾತ್ರ ಅದನ್ನ ಮೊದಲು ಹೇಳ್ರಿ."

ಈಗ ಅಮಾವಾಸ್ಯೆಯ ದಿನ ಲಾರಿಯನ್ನು ತೊಳೆದು ಪೂಜೆ ಮಾಡುವಾಗ ನಿಂಬೆಹಣ್ಣನ್ನು ಇಡುವುದು ಮಗನ ಕೆಲಸ. ಕೆಳಗೆ ನುಸುಳಿ, ತಂತಿಯ ತುಂಡಿನಿಂದ ಉಸಿರುರಂಧ್ರದ ಮಣ್ಣನ್ನು ತೆಗೆಯುವುದು ನನ್ನದು.