ಪುಸ್ತಕದ ಬದನೆಕಾಯಿ

ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಹೊಸದಾಗಿ ಎಂಟನೇ ತರಗತಿಗೆ ಬಂದ ಮಕ್ಕಳಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳುತ್ತಾರೆ: "ಟೀಚರ್, ನಿಮಗೆ ತುಂಬಾ ಇಷ್ಟವಾದ ಪುಸ್ತಕ ಯಾವುದು?" ಕನ್ನಡ ಪಾಠ ಮಾಡುವವಳು ನಾನು, ತಡವರಿಸುವ ಹಾಗಿಲ್ಲ. "ಮಲೆಗಳಲ್ಲಿ ಮದುಮಗಳು" ಎಂದು ಗಂಭೀರವಾಗಿ ಹೇಳಿ ಹಾಜರಿ ಪುಸ್ತಕ ತೆರೆಯುತ್ತೇನೆ. ಅದು ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಮದುವೆಮನೆಗೆ ಉಟ್ಟು ಹೋಗುವ ರೇಷ್ಮೆ ಸೀರೆ ಬೇರೆ, ಜ್ವರ ಬಂದಾಗ ಹೊದ್ದುಕೊಳ್ಳುವ ಹಳೆಯ ನೂಲಿನ ಸೀರೆ ಬೇರೆ. ನನ್ನ ಬದುಕಿನ ಅತ್ಯಂತ ಕಷ್ಟದ ಆರು ತಿಂಗಳಲ್ಲಿ ನಾನು ಹೊದ್ದುಕೊಂಡ ಹಳೇ ಸೀರೆಗಳ ವಿಷಯ ಹೇಳಬೇಕೆಂದು ಈಗ ಕುಳಿತಿದ್ದೇನೆ. ತರಗತಿಯಲ್ಲಿ ಅದನ್ನು ಹೇಳುವಷ್ಟು ಧೈರ್ಯ ನನಗಿಲ್ಲ.

ಅದು 2018ನೇ ಇಸವಿ. ಮೇ ಕೊನೆಯಲ್ಲಿ ನಮ್ಮ ದೊಡ್ಡ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದವಳು ಬಾಣಂತನಕ್ಕೆಂದು ಸಾಗರದ ನಮ್ಮ ಮನೆಗೆ ಬಂದಿದ್ದಳು. ನಾನೂ ನಮ್ಮ ಅತ್ತೆಯೂ ಸೇರಿ ಮಾಡಿಕೊಂಡ ತಯಾರಿ ನೋಡಿದ್ದರೆ ನೀವು ನಗುತ್ತಿದ್ದಿರಿ. ಬಾಣಂತಿ ಲೇಹ, ಒಣಶುಂಠಿ, ಬಜೆ, ವರ್ಷಕ್ಕಾಗುವಷ್ಟು ತುಪ್ಪ. ಅತ್ತೆಯವರ ಪಥ್ಯದ ಪಟ್ಟಿಯಂತೂ ಸರ್ಕಾರದ ಸುತ್ತೋಲೆಗಿಂತ ಉದ್ದವಾಗಿತ್ತು. ಕುಂಬಳಕಾಯಿ ಶೀತ, ಹಲಸು ವಾಯು, ಬದನೆಕಾಯಿಯನ್ನಂತೂ ಮನೆಯೊಳಗೇ ತರಕೂಡದು, ನಂಜು!

ಮಗು ಆರೋಗ್ಯವಾಗಿತ್ತು, ಬಾಣಂತಿಗೆ ಜ್ವರ ನೆಗಡಿ ಇರಲಿಲ್ಲ. ಆದರೂ ಮನೆಯಲ್ಲಿ ಏನೋ ಸರಿಯಿರಲಿಲ್ಲ. ಅವಳು ಅಳುತ್ತಿದ್ದಳು. ಹತ್ತು ಹದಿನೈದು ದಿನ ಬಾಣಂತಿಯರು ಕಾರಣವಿಲ್ಲದೆ ಅಳುವುದುಂಟು, ನಾನೂ ಅತ್ತವಳೇ. ಆದರೆ ತಿಂಗಳು ಕಳೆದರೂ ಅಳು ನಿಲ್ಲಲಿಲ್ಲ. ಮಗು ಮಲಗಿದಾಗಲೂ ಅವಳಿಗೆ ನಿದ್ದೆಯಿಲ್ಲ. ಊಟದ ತಟ್ಟೆಯ ಮುಂದೆ ಕೂತವಳು ಸಾರು ಆರುವವರೆಗೂ ಗೋಡೆ ನೋಡುತ್ತಿದ್ದಳು. ಮಗು ಅತ್ತರೆ ಎತ್ತಿಕೊಳ್ಳಲು ಕೈ ಮುಂದೆ ಬರುತ್ತಿರಲಿಲ್ಲ.

ಒಬ್ಬೊಬ್ಬರು ಒಂದೊಂದು ಹೇಳಿದರು. ಅತ್ತೆ ದೃಷ್ಟಿ ಎಂದರು. ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದ್ದಾಯಿತು. ಪಕ್ಕದ ಮನೆಯವರು, "ಗಂಡು ಮಗು ಆಗ್ಲಿಲ್ಲ ಅಂತ ಬೇಜಾರಾ ಟೀಚರೇ?" ಎಂದು ಕೇಳಿ ಹೋದರು. ನನ್ನವರು ಏನೂ ಹೇಳದೆ ಪೇಪರಿನ ಹಿಂದೆ ಸೇರಿಕೊಂಡರು. ನಾನೋ? ಬಿ.ಎ., ಬಿ.ಎಡ್. ಮಾಡಿ, ಮಕ್ಕಳ ಮನಃಶಾಸ್ತ್ರದಲ್ಲಿ ಪರೀಕ್ಷೆ ಪಾಸು ಮಾಡಿದ ನಾನು, "ನಾನೂ ಎರಡು ಹೆತ್ತಿದ್ದೀನಿ. ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ" ಎಂದೆ. ಒಮ್ಮೆಯಲ್ಲ, ದಿನಕ್ಕೆ ನಾಲ್ಕು ಬಾರಿ.

ಹೊರಗೆ ಜಡಿಮಳೆ. ಒಣಗದ ಮಗುವಿನ ಬಟ್ಟೆಗಳನ್ನು ಕೆಂಡದ ಮೇಲೆ ಬುಟ್ಟಿ ಕವುಚಿ ಹರಡುತ್ತಿದ್ದೆವು. ಹಗಲು ಶಾಲೆ, ರಾತ್ರಿ ಮಗು. ಹನ್ನೆರಡರಿಂದ ಮೂರರವರೆಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುವುದು ನನ್ನ ಪಾಳಿ. ಆಗಲೇ ಪುಸ್ತಕ ಹಿಡಿಯುತ್ತಿದ್ದುದು. ಹೊಸದಾಗಿ ಕೊಂಡಿದ್ದ ದಪ್ಪ ಕಾದಂಬರಿಯೊಂದಿತ್ತು. ಮೂರನೇ ಪುಟ ದಾಟಲಿಲ್ಲ. ಮುಂದೇನಾಗುವುದೋ ಎಂಬ ಕುತೂಹಲ ಹುಟ್ಟಿಸುವ ಪುಸ್ತಕವೆಂದು ಎಲ್ಲರೂ ಹೊಗಳಿದ್ದರು. ಮುಂದೇನಾಗುವುದೋ ಎಂಬ ಯೋಚನೆ ನಮ್ಮ ಮನೆಯಲ್ಲೇ ಬೇಕಾದಷ್ಟಿತ್ತು, ದುಡ್ಡು ಕೊಟ್ಟು ತರಬೇಕಾಗಿರಲಿಲ್ಲ.

ಹಾಗಾಗಿ ಕೈ ತಾನಾಗಿ ಹಳೆಯ ಪುಸ್ತಕಗಳ ಕಡೆ ಹೋಯಿತು. ಟಿ. ಸುನಂದಮ್ಮನವರ ಹಾಸ್ಯ ಪ್ರಬಂಧಗಳು. ಗೊರೂರರ 'ಹಳ್ಳಿಯ ಚಿತ್ರಗಳು'. ಬಿ.ಜಿ.ಎಲ್. ಸ್ವಾಮಿಯವರ 'ಕಾಲೇಜು ರಂಗ', ಅದರಲ್ಲೂ ಮೇಷ್ಟ್ರುಗಳ ಪೇಚಾಟದ ಪುಟಗಳು. ಎಲ್ಲವೂ ಎಷ್ಟೋ ಸಲ ಓದಿದ್ದವೇ. ಎಲ್ಲಿ ನಗು ಬರುತ್ತದೆಂದು ನನಗೆ ಗೊತ್ತು, ಅದು ಅಲ್ಲೇ ಬರುತ್ತಿತ್ತು. ಮಾತು ತಪ್ಪದವರು ಆ ದಿನಗಳಲ್ಲಿ ಅವರೇ.

ನೋಡುವುದರಲ್ಲೂ ಅಷ್ಟೆ. ಫಣಿ ರಾಮಚಂದ್ರ ಅವರ 'ಗಣೇಶನ ಮದುವೆ' ನೀವೂ ನೋಡಿರುತ್ತೀರಿ, 1990ರ ಸಿನಿಮಾ. ಒಂದೇ ವಠಾರದಲ್ಲಿ ಹಾವು ಮುಂಗುಸಿಯ ಹಾಗೆ ಜಗಳವಾಡುವ ಇಬ್ಬರು, ಪತ್ರಗಳಲ್ಲಿ ಪರಸ್ಪರ ಯಾರೆಂದು ತಿಳಿಯದೆ ಒಲಿದಿರುತ್ತಾರೆ. ಅನಂತನಾಗ್ ಅವರ ಮುಖ ಯಾವ ದೃಶ್ಯದಲ್ಲಿ ಹೇಗೆ ಸೊಟ್ಟಗಾಗುತ್ತದೆಂದು ಬರೆದು ಕೊಡಬಲ್ಲೆ. ಮೊಬೈಲಿನಲ್ಲಿ ಧ್ವನಿ ತಗ್ಗಿಸಿ ಆ ಮಳೆಗಾಲ ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ರಾತ್ರಿ ಒಂಬತ್ತೂವರೆಗೆ ಅತ್ತೆಯ ಜೊತೆ ಚಂದನದಲ್ಲಿ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ ಆ ಕಾರ್ಯಕ್ರಮದಲ್ಲಿ ಸರಿ ಉತ್ತರಕ್ಕೆ ಪುಸ್ತಕವೇ ಬಹುಮಾನ. ಅದಕ್ಕೆ ಮುಂಚೆ ಅತ್ತೆಯ ಎರಡು ಧಾರಾವಾಹಿಗಳು. "ಇವನ್ನೆಲ್ಲ ಏನು ನೋಡ್ತೀರಿ" ಎಂದು ಇಪ್ಪತ್ತು ವರ್ಷ ಮೂಗು ಮುರಿದಿದ್ದ ನಾನು, ಆ ಸೊಸೆಯ ಕೈಗೆ ಬೀರುವಿನ ಬೀಗದಕೈ ಸಿಕ್ಕಿತೋ ಇಲ್ಲವೋ ಎಂದು ಮರುದಿನ ಸ್ಟಾಫ್ ರೂಮಿನಲ್ಲಿ ಕೂತು ಯೋಚಿಸುತ್ತಿದ್ದೆ.

ಜುಲೈ ಕೊನೆಯ ಒಂದು ರಾತ್ರಿ. ಎರಡು ಗಂಟೆ ಇರಬಹುದು. ಕರೆಂಟು ಹೋಗಿತ್ತು. ಬಾಣಂತಿ ಕೋಣೆಯ ಬಾಗಿಲಲ್ಲಿ ಮಗಳು ಬಂದು ನಿಂತಳು.

"ಅಮ್ಮಾ, ಇದು ನನ್ನ ಮಗು ಅಂತ ಅನ್ನಿಸ್ತಾನೇ ಇಲ್ಲ. ನಾನು ಇಲ್ದೇ ಇದ್ರೆ ಇದಕ್ಕೇ ಒಳ್ಳೇದು."

"ಹುಚ್ಚುಹುಚ್ಚಾಗಿ ಮಾತಾಡಬೇಡ. ಹೋಗಿ ಮಲಕ್ಕೋ" ಎಂದುಬಿಟ್ಟೆ.

ಅವಳು ಒಳಗೆ ಹೋದಳು. ಆದರೆ ಆ ಮಾತು ನನ್ನ ಬಾಯಿಂದ ಹೊರಬಿದ್ದು ಅಲ್ಲೇ ಕತ್ತಲಲ್ಲಿ ನಿಂತುಕೊಂಡಿತು. ಈ ಮಾತನ್ನು ನಾನು ಎಲ್ಲೋ ಕೇಳಿದ್ದೇನೆ. ಒಬ್ಬ ಬಾಣಂತಿಗೆ ಮನೆಯವರೂ ನೆಂಟರೂ ಬೀದಿಯವರೂ ಹುಚ್ಚಿಯ ಪಟ್ಟ ಕಟ್ಟುವುದನ್ನು ಓದಿ, ಪಿ.ಯು.ಸಿ.ಯಲ್ಲಿದ್ದಾಗ ದಿಂಬು ಒದ್ದೆಯಾಗುವಷ್ಟು ಅತ್ತಿದ್ದೇನೆ. ತ್ರಿವೇಣಿಯವರ 'ಶರಪಂಜರ'. 1971ರಲ್ಲಿ ಪುಟ್ಟಣ್ಣ ಕಣಗಾಲರು ಮಾಡಿದ ಸಿನಿಮಾವನ್ನೂ ನೋಡಿದ್ದೇನೆ. ಕಾವೇರಿಯಾಗಿ ಕಲ್ಪನಾ ಅವರ ಕಣ್ಣುಗಳನ್ನು ಯಾರು ಮರೆಯುತ್ತಾರೆ? ವಿದ್ಯಾರ್ಥಿನಿಯರಿಗೆ ಓದಿ ಎಂದು ಹೇಳಿದ್ದೇನೆ. ಒಮ್ಮೆ ಶಿಕ್ಷಕಿಯರ ಸಭೆಯಲ್ಲಿ ಅದರ ಬಗ್ಗೆ ಅರ್ಧ ಗಂಟೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಬಾಣಂತಿಯ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂದು ಕನ್ನಡದ ಹೆಂಗಸರಿಗೆಲ್ಲ ತಿಳಿಸಿದ ಪುಸ್ತಕ ಎಂದು ಆ ದಿನ ನಾನೇ ಹೇಳಿದ್ದು. ಅದೇ ಕಾಯಿಲೆ ನನ್ನ ಮನೆಯ ಕೋಣೆಯಲ್ಲಿ ಎರಡು ತಿಂಗಳು ಕೂತಿದ್ದಾಗ ನಾನು ಉಪ್ಪು ಮೆಣಸಿನಕಾಯಿ ನಿವಾಳಿಸಿ, ಮನಸ್ಸು ಗಟ್ಟಿ ಮಾಡಿಕೋ ಎಂದು ಉಪದೇಶ ಮಾಡಿದೆ. ಪುಸ್ತಕದ ಬದನೆಕಾಯಿ ಎಂದರೆ ಇದೇ.

ಎದ್ದು ಹೋಗಿ ಅವಳ ಪಕ್ಕದಲ್ಲಿ ಮಲಗಿದೆ. ಏನೂ ಮಾತಾಡಲಿಲ್ಲ, ಕೈ ಹಿಡಿದುಕೊಂಡೆ. ಬೆಳಗಾಗುತ್ತಲೇ ಹೆರಿಗೆ ಮಾಡಿಸಿದ ಡಾಕ್ಟರಿಗೆ ಫೋನು ಮಾಡಿ ರಾತ್ರಿಯ ಮಾತನ್ನು ಇದ್ದ ಹಾಗೇ ಹೇಳಿದೆ. "ಇವತ್ತೇ ಶಿವಮೊಗ್ಗಕ್ಕೆ ಕರಕೊಂಡು ಹೋಗಿ, ಒಬ್ಬಳನ್ನೇ ಬಿಡಬೇಡಿ" ಎಂದು ಮನೋವೈದ್ಯರೊಬ್ಬರ ಹೆಸರು ಕೊಟ್ಟರು. ಮಳೆಯಲ್ಲಿ ಕಾರು ಮಾಡಿಕೊಂಡು ಹೋದೆವು. ಮಗು ನನ್ನ ತೊಡೆಯ ಮೇಲೆ, ಮಗಳು ಕಿಟಕಿಯ ಕಡೆ.

ಆ ಡಾಕ್ಟರಮ್ಮ ಮುಕ್ಕಾಲು ಗಂಟೆ ಅವಳ ಜೊತೆ ಮಾತಾಡಿ ಆಮೇಲೆ ನನ್ನನ್ನು ಕರೆದರು. ಇದು ಖಿನ್ನತೆ, ಹೆರಿಗೆಯಾದ ನೂರು ಹೆಂಗಸರಲ್ಲಿ ಹತ್ತಕ್ಕೂ ಹೆಚ್ಚು ಮಂದಿಗೆ ಬರುತ್ತದೆ, ಸೋಮಾರಿತನವಲ್ಲ, ಮಗುವಿನ ಮೇಲೆ ಪ್ರೀತಿ ಇಲ್ಲವೆಂದೂ ಅಲ್ಲ ಎಂದರು. ಹಾಲೂಡಿಸುವವರು ತೆಗೆದುಕೊಳ್ಳಬಹುದಾದ ಮಾತ್ರೆ ಬರೆದುಕೊಟ್ಟರು. ಅದು ಕೆಲಸ ಮಾಡಲು ಎರಡು ಮೂರು ವಾರವಾದರೂ ಬೇಕು, ಅಲ್ಲಿಯವರೆಗೆ ರಾತ್ರಿ ಅವಳು ನಿದ್ದೆ ಮಾಡುವ ಹಾಗೆ ನೀವು ನೋಡಿಕೊಳ್ಳಬೇಕು ಎಂದರು. ಇನ್ನೂ ತೀವ್ರವಾದವರಿಗೆ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಾರ್ಡು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆಯೆಂದು ನನಗೆ ತಿಳಿದದ್ದು ಆ ದಿನಗಳಲ್ಲೇ. ಈಗಿನವರಿಗೆ ಮನಸ್ಸಿನ ಕಷ್ಟ ಹೇಳಿಕೊಳ್ಳಲು 14416 ಎಂಬ ಉಚಿತ ದೂರವಾಣಿ ಸಂಖ್ಯೆಯಾದರೂ ಇದೆ, 2022ರಲ್ಲಿ ಶುರುವಾದದ್ದು. ನಾನು ಎರಡು ತಿಂಗಳು ಕತ್ತಲಲ್ಲೇ ಕಳೆದಿದ್ದೆ.

ಮಾತ್ರೆ ಶುರುವಾದ ಮೇಲಿನ ಆ ವಾರಗಳು ಬಹಳ ಉದ್ದ. ದಿನವೂ ಅವಳ ಮುಖ ನೋಡುವುದು. ನಿನ್ನೆಗಿಂತ ಇವತ್ತು ವಾಸಿಯೇ ಎಂದು ಅಳೆಯುವುದು. ಮತ್ತೆ ಹಳೆಯ ಪುಸ್ತಕಗಳೇ ಗತಿ. ಇದರ ಜೊತೆಗೆ ಒಂದು ಸೇರಿತು, ಡಾ. ಎಂ. ಶಿವರಾಂ ಅವರ 'ಮನಮಂಥನ'. 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪುಸ್ತಕ. 'ಕೊರವಂಜಿ' ಪತ್ರಿಕೆಯಿಂದ ಕನ್ನಡಿಗರನ್ನೆಲ್ಲ ನಗಿಸಿದ 'ರಾಶಿ'ಯವರೇ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದದ್ದು. ನಗಿಸುವವರಿಗೆ ಅಳುವವರ ಸಂಕಟ ಚೆನ್ನಾಗಿ ಗೊತ್ತಿರುತ್ತದೇನೋ.

'ಶರಪಂಜರ'ವನ್ನೂ ತೆಗೆದು ಓದಿದೆ. ಮಗಳ ಕಣ್ಣಿಗೆ ಬೀಳಬಾರದೆಂದು ಅಕ್ಕಿ ಡಬ್ಬಿಯ ಹಿಂದೆ ಅಡಗಿಸಿಟ್ಟು, ಅವಳು ಮಲಗಿದ ಮೇಲೆ ಓದುತ್ತಿದ್ದೆ. ಹದಿನೇಳರಲ್ಲಿ ಓದಿದಾಗ ಕಾವೇರಿಗೆ ಕಾಯಿಲೆ ಬಂತಲ್ಲ ಎಂದು ಅತ್ತಿದ್ದೆ. ಈಗ ಓದಿದಾಗ ಎದೆ ನಡುಗಿದ್ದು ಅವಳು ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಪುಟಗಳಿಗೆ. ಡಾಕ್ಟರು ಗುಣವಾಗಿದೆ ಎಂದು ಕಳಿಸಿದರೂ ಮನೆ ಅವಳನ್ನು ನಂಬುವುದಿಲ್ಲ. ಜೋರಾಗಿ ನಕ್ಕರೆ ಅನುಮಾನ, ಸುಮ್ಮನಿದ್ದರೆ ಅನುಮಾನ. ಮನಃಶಾಸ್ತ್ರ ಓದಿದ ತ್ರಿವೇಣಿಯವರು ಇದನ್ನು ಎಷ್ಟು ಸರಿಯಾಗಿ ಕಂಡಿದ್ದರು! ಅವರೇ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರೆಂಬುದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚಿದಂತಾಗುತ್ತದೆ.

ಸೆಪ್ಟೆಂಬರಿನ ಒಂದು ರಾತ್ರಿ. ಅತ್ತೆಯೂ ನಾನೂ 'ಥಟ್ ಅಂತ ಹೇಳಿ' ನೋಡುತ್ತಿದ್ದೆವು. ಯಾವುದೋ ಪ್ರಶ್ನೆಗೆ ಕೂತವರು ತಲೆ ಕೆರೆದುಕೊಳ್ಳುತ್ತಿದ್ದಾಗ ಬಾಣಂತಿ ಕೋಣೆಯೊಳಗಿಂದ ಉತ್ತರ ಬಂತು. ಇವಳದೇ ಧ್ವನಿ, ಕಾಲೇಜಿನ ದಿನಗಳ ಅದೇ ಅವಸರದ ಧ್ವನಿ. ಉತ್ತರ ತಪ್ಪಾಗಿತ್ತು. ನಾನು ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಹೊರಗೆ ಅತ್ತೆ ಹೇಳುತ್ತಿದ್ದರು: "ತಪ್ಪಾದ್ರೇನು, ಹೇಳಿದ್ಲಲ್ಲ!"

ಆಮೇಲಿನ ದಿನಗಳಲ್ಲಿ ಅವಳು ನಮ್ಮ ಜೊತೆ ಬಂದು ಕೂರತೊಡಗಿದಳು. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಕಂತುಗಳನ್ನು ಹುಡುಕಿ ಹಾಕಿದವಳು ಅವಳೇ. ಎಂಬತ್ತರ ದಶಕದಲ್ಲಿ ನಮ್ಮ ಜಿಲ್ಲೆಯ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ತೆಗೆದದ್ದಲ್ಲವೇ! "ಆ ಹೆಂಚಿನ ಮನೆ ನೋಡೇ, ಥೇಟ್ ನಮ್ಮ ತವರುಮನೆ" ಎಂದು ಅತ್ತೆ ಪ್ರತಿ ಕಂತಿಗೂ ಹೇಳುತ್ತಿದ್ದರು. ಒಮ್ಮೆ ಸ್ವಾಮಿಯ ಪಾಡು ನೋಡಿ ಮಗಳು ಗಟ್ಟಿಯಾಗಿ ನಕ್ಕಳು. ಎಷ್ಟು ದಿನದಿಂದ ಕಾದಿದ್ದ ನಗು! ಆದರೆ ನನ್ನ ಮೊದಲ ಯೋಚನೆ ಏನು ಗೊತ್ತೇ? ಇಷ್ಟು ಜೋರಾಗಿ ಯಾಕೆ ನಗುತ್ತಿದ್ದಾಳೆ? ಬೆಳಗಿನ ಮಾತ್ರೆ ತೆಗೆದುಕೊಂಡಳೋ ಇಲ್ಲವೋ? ತಿರುಗಿ ಅವಳ ಮುಖವನ್ನೇ ನೋಡಿದೆ.

ಅವಳ ನಗು ನಿಂತಿತು. "ಅಮ್ಮಾ, ನನ್ನ ಮುಖ ನೋಡೋದು ಬಿಡು. ಟೀವಿ ನೋಡು."

ಅಡಿಗೆಮನೆಯಲ್ಲಿ ಅಕ್ಕಿ ಡಬ್ಬಿಯ ಹಿಂದೆ ಇದ್ದ ಪುಸ್ತಕ ನೆನಪಾಯಿತು. ಅದನ್ನು ಎರಡನೇ ಸಲ ಓದಿಯೂ ಕಾವೇರಿಯ ಮನೆಯವರು ಮಾಡಿದ್ದನ್ನೇ ಮಾಡುತ್ತಿದ್ದೆನಲ್ಲ! ಆ ದಿನದಿಂದ ಟೀವಿ ನೋಡುವುದನ್ನು ಪ್ರಯತ್ನಪಟ್ಟು ಕಲಿತೆ. ಅವಳು ನಕ್ಕರೆ ನಾನೂ ಪರದೆಯ ಕಡೆ ನೋಡಿಯೇ ನಗುತ್ತಿದ್ದೆ. ನಂಬಿ, ಇದು ಬಿ.ಎಡ್. ಪರೀಕ್ಷೆಗಿಂತ ಕಷ್ಟ.

ಡಿಸೆಂಬರಿನಲ್ಲಿ ಮಗುವನ್ನು ಕಟ್ಟಿಕೊಂಡು ಬೆಂಗಳೂರಿಗೆ ಹೋದಳು. ಡಾಕ್ಟರಮ್ಮ ಹೇಳಿದಷ್ಟು ಕಾಲ ಮಾತ್ರೆ ತೆಗೆದುಕೊಂಡು, ಅವರು ಹೇಳಿದ ಹಾಗೆಯೇ ನಿಧಾನವಾಗಿ ನಿಲ್ಲಿಸಿದಳು. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ, ನನಗೇ ಕಾಗುಣಿತ ಹೇಳಿಕೊಡುತ್ತಾಳೆ.

ಹೋದ ಬೇಸಿಗೆಯಲ್ಲಿ ಬಂದಿದ್ದಾಗ ಮಗಳು ನನ್ನ ಕಪಾಟಿನಿಂದ 'ಶರಪಂಜರ' ತೆಗೆದು ಎರಡೇ ದಿನದಲ್ಲಿ ಓದಿ ಮುಗಿಸಿದಳು. ನಾನು ಅವಳ ಮುಖ ನೋಡದೆ ಅವರೆಕಾಯಿ ಸುಲಿಯುತ್ತಾ ಕೂತೆ. ಹೊರಡುವ ದಿನ ನೋಡಿದರೆ ಪುಸ್ತಕ ಅವಳ ಬ್ಯಾಗಿನಲ್ಲಿದೆ. ಬ್ಯಾಂಕಿನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗಿಗೆ ಏಳು ತಿಂಗಳಂತೆ, ಅವರ ಮನೆಗೆ ಕೊಡಬೇಕಂತೆ.

ಅತ್ತೆ ಜಗಲಿಯಿಂದಲೇ ಕೂಗಿದರು: "ಬಾಣಂತಿಯಾಗೋಳಿಗೆ ಅದನ್ನ ಕೊಡ್ತಾರೇನೇ? ಬದನೆಕಾಯಿ ಕೊಟ್ಟ ಹಾಗೆ!"

"ಅವಳಿಗಲ್ಲ ಅಜ್ಜೀ," ಎಂದಳು ನನ್ನ ಮಗಳು, ಚಪ್ಪಲಿ ಮೆಟ್ಟುತ್ತಾ. "ಅವಳ ಅಮ್ಮನಿಗೆ."